ಡಿಲೀಟ್ ಆದ ಫೈಲು, ಮೊದಲ ಐದು ನಿಮಿಷ



ಕಂಪ್ಯೂಟರಿನಿಂದ ಮುಖ್ಯವಾದ ಫೈಲೊಂದು ತಪ್ಪಿ ಅಳಿಸಿಹೋಯಿತು ಅಂತಿಟ್ಟುಕೊಳ್ಳಿ. ಚಿಟಗುಪ್ಪವಿರಲಿ, ಹುಮನಾಬಾದಿರಲಿ, ನಾವು ಮಾಡುವುದು ಸಾಮಾನ್ಯವಾಗಿ ಒಂದೇ ರೀತಿ. ಮೊದಲು ಗಾಬರಿಯಿಂದ ಕಂಡಕಂಡ ಗುಂಡಿ ಒತ್ತುತ್ತೇವೆ. ಆಮೇಲೆ ಯಾರೋ ಹೇಳಿದ ರಿಕವರಿ ಸಾಫ್ಟ್‌ವೇರನ್ನು ಅದೇ ಕಂಪ್ಯೂಟರಿಗೆ ಇಳಿಸಿಕೊಳ್ಳುತ್ತೇವೆ. ಅದೂ ಕೈಕೊಟ್ಟರೆ ಅಂಗಡಿಗೆ ಒಯ್ಯುತ್ತೇವೆ. ಅಲ್ಲಿನ ಹುಡುಗ, "ಫಾರ್ಮ್ಯಾಟ್ ಹೊಡೆದು ಕೊಡ್ತೀನ್ರಿ ಸರ, ಮಷೀನ್ ಹೊಸಾದ್ರಂಗ ಆಗ್ತದ" ಅನ್ನುತ್ತಾನೆ. ಡಿಲೀಟ್ ಒತ್ತಿದಾಗ ಉಳಿದಿದ್ದ ಫೈಲು ನಿಜವಾಗಿ ಸಾಯುವುದು ಈ ಮೂರು ಕೆಲಸಗಳಿಂದ. ಅಳಿಸಿದ ಮೇಲಿನ ಮೊದಲ ಐದು ನಿಮಿಷ ಹೇಗೆ ನಡೆದುಕೊಳ್ಳಬೇಕು ಅನ್ನುವುದೇ ಇವತ್ತಿನ ನನ್ನ ಮಾತು. ಅದರಲ್ಲೂ ಲಿನಕ್ಸ್ ಇರುವ ಕಂಪ್ಯೂಟರುಗಳ ಬಗ್ಗೆ.

ಲಿನಕ್ಸ್ ಯಾಕೆ ಅಂದರೆ, ವಿಂಡೋಸಿನ ಹೊಸ ಆವೃತ್ತಿ ಹೊರಲಾರದ ಹಳೆಯ ಯಂತ್ರಗಳಿಗೆ ಉಬುಂಟು, ಮಿಂಟ್ ಹಾಕಿಸಿಕೊಳ್ಳುವ ವಿದ್ಯಾರ್ಥಿಗಳು, ಶಿಕ್ಷಕರು ಇದ್ದಾರೆ. ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಗಡಿಯಾಚೆಯ ಕಾಸರಗೋಡಿನಲ್ಲಂತೂ ಕನ್ನಡ ಮಾಧ್ಯಮದ ಮಕ್ಕಳು ಶಾಲೆಯಲ್ಲಿ ಕಂಪ್ಯೂಟರ್ ಕಲಿಯುವುದೇ ಲಿನಕ್ಸಿನ ಮೇಲೆ. ಕೇರಳದ ಐಟಿ ಅಟ್ ಸ್ಕೂಲ್ ಯೋಜನೆ 2001ರಲ್ಲಿ ಶುರುವಾಗಿ 2017ರಲ್ಲಿ ಕೈಟ್ ಎಂಬ ಸರ್ಕಾರಿ ಸಂಸ್ಥೆಯಾಯಿತು. ಶಾಲೆಗಳಿಗೆಂದೇ ಸಿದ್ಧಪಡಿಸಿದ ಲಿನಕ್ಸನ್ನು ಅದು ಹಂಚುತ್ತದೆ. ಹಾಗಾಗಿ ಇದು ಬೆಂಗಳೂರಿನ ಎಂಜಿನಿಯರುಗಳಿಗಷ್ಟೇ ಬೇಕಾದ ವಿಷಯ ಅಂತ ದೂರ ಇಡಬೇಡಿ.

ಮೊದಲು ಸುಲಭದ ಸಂಗತಿ. ಮೌಸಿನಿಂದ ಅಳಿಸಿದ ಫೈಲು ಕಸದ ಬುಟ್ಟಿಗೆ ಹೋಗುತ್ತದೆ, ಅಲ್ಲಿಂದ ಎತ್ತಿಕೊಳ್ಳಬಹುದು. ಇದು ಎಲ್ಲರಿಗೂ ಗೊತ್ತು. ಪೆನ್ ಡ್ರೈವಿನಿಂದ ಅಳಿಸಿದ್ದು ಎಲ್ಲಿಗೆ ಹೋಗುತ್ತದೆ ಅನ್ನುವುದು ಬಹಳ ಮಂದಿಗೆ ಗೊತ್ತಿಲ್ಲ. ಲಿನಕ್ಸಿನಲ್ಲಿ ಪೆನ್ ಡ್ರೈವಿನ ಫೈಲನ್ನು ಅಳಿಸಿದರೆ ಅದು ಆ ಪೆನ್ ಡ್ರೈವಿನಲ್ಲೇ ಒಂದು ಬಚ್ಚಿಟ್ಟ ಫೋಲ್ಡರಿಗೆ ಸೇರುತ್ತದೆ. ಅದರ ಹೆಸರು ಚುಕ್ಕಿಯಿಂದ ಶುರುವಾಗುತ್ತದೆ: ಡಾಟ್ ಟ್ರ್ಯಾಶ್, ಅಡ್ಡಗೀಟು, ಸಾಮಾನ್ಯವಾಗಿ 1000. ಚುಕ್ಕಿಯಿಂದ ಶುರುವಾಗುವ ಹೆಸರುಗಳನ್ನು ಲಿನಕ್ಸ್ ತೋರಿಸುವುದಿಲ್ಲ. ಕಂಟ್ರೋಲ್ ಗುಂಡಿ ಹಿಡಿದು ಎಚ್ ಒತ್ತಿದರೆ ತೋರಿಸುತ್ತದೆ. "ಪೆನ್ ಡ್ರೈವ್ ಖಾಲಿ ಕಾಣ್ತದ, ಆದ್ರ ಫುಲ್ ಅಂತ ಹೇಳ್ತದ" ಅಂತ ದೂರುವವರ ಫೈಲುಗಳು ಎಷ್ಟೋ ಸಲ ಈ ಫೋಲ್ಡರಿನಲ್ಲೇ ಸುರಕ್ಷಿತವಾಗಿ ಇರುತ್ತವೆ.

ಕಷ್ಟ ಬರುವುದು ಶಿಫ್ಟ್ ಹಿಡಿದು ಡಿಲೀಟ್ ಒತ್ತಿದಾಗ, ಇಲ್ಲವೇ ಟರ್ಮಿನಲ್ಲಿನಲ್ಲಿ ಆರ್‌ಎಂ ಎಂಬ ಎರಡಕ್ಷರದ ಆಜ್ಞೆ ಕೊಟ್ಟಾಗ. ಇವೆರಡೂ ಕಸದ ಬುಟ್ಟಿಯನ್ನು ಮುಟ್ಟುವುದಿಲ್ಲ. ಆಗ ಒಳಗೆ ಏನಾಗುತ್ತದೆ?

ನಮ್ಮ ಕಡೆಯ ರೈತರಿಗೆ ಪಹಣಿ ಗೊತ್ತು. ಪಹಣಿಯಲ್ಲಿ ಹೆಸರು, ಅದರ ಜೊತೆಗೆ ಸರ್ವೆ ನಂಬರು. ಆ ಸರ್ವೆ ನಂಬರಿಗೆ ವಿಸ್ತೀರ್ಣ, ಚಕ್ಕುಬಂದಿ. ಇವೆಲ್ಲ ಕಾಗದದ ಮೇಲೆ. ಹೊಲ ಮಾತ್ರ ಊರ ಹೊರಗೆ ತನ್ನ ಜಾಗದಲ್ಲೇ ಇರುತ್ತದೆ. ಲಿನಕ್ಸಿನ ಡಿಸ್ಕು ನಡೆಯುವುದು ಹೀಗೆಯೇ. ಫೋಲ್ಡರು ಅಂದರೆ ಹೆಸರು ಮತ್ತು ಒಂದು ನಂಬರಿನ ಪಟ್ಟಿ, ಅಷ್ಟೇ. ಆ ನಂಬರಿನ ದಾಖಲೆಗೆ ಐನೋಡ್ ಅನ್ನುತ್ತಾರೆ. ಫೈಲು ಎಷ್ಟು ದೊಡ್ಡದು, ಯಾರದು, ಡಿಸ್ಕಿನ ಯಾವ ಯಾವ ತುಂಡಿನಲ್ಲಿ ಇದೆ ಎಂಬುದೆಲ್ಲ ಐನೋಡಿನಲ್ಲಿ ಬರೆದಿರುತ್ತದೆ. ಒಂದು ತುಂಡು ಸಾಮಾನ್ಯವಾಗಿ 4,096 ಬೈಟು. ಆರ್‌ಎಂ ಆಜ್ಞೆ ಮಾಡುವುದು ಹೆಸರು ಹೊಡೆದುಹಾಕುವ ಕೆಲಸ. ಒಂದು ಫೈಲಿಗೆ ಎರಡು ಹೆಸರಿದ್ದರೆ, ಜಂಟಿ ಖಾತೆಯಲ್ಲಿ ಒಬ್ಬರ ಹೆಸರು ತೆಗೆದ ಹಾಗೆ, ಇನ್ನೊಂದು ಹೆಸರಿನಲ್ಲಿ ಫೈಲು ಮುಂದುವರಿಯುತ್ತದೆ. ಕೊನೆಯ ಹೆಸರೂ ಹೋದಾಗ ಐನೋಡು ಮತ್ತು ಅದರ ತುಂಡುಗಳು ಖಾಲಿ ಎಂದು ದಾಖಲಾಗುತ್ತವೆ. ತುಂಡಿನೊಳಗಿನ ಬರಹವನ್ನು ಯಾರೂ ಒರೆಸುವುದಿಲ್ಲ. ಬೇರೆ ಯಾರಾದರೂ ಬಂದು ಆ ಹೊಲವನ್ನು ಹರಗುವವರೆಗೆ ನಿಮ್ಮ ಬೆಳೆ ಅಲ್ಲೇ ನಿಂತಿರುತ್ತದೆ.

ಹಾಗಾದರೆ ಹೆಸರು ಮತ್ತೆ ಬರೆದುಬಿಟ್ಟರಾಯಿತಲ್ಲ ಅಂತ ನೀವು ಕೇಳಬಹುದು. ಹಿಂದೆ ಹಾಗೆ ಮಾಡಬಹುದಿತ್ತು. 1993ರ ಎಕ್ಸ್ಟ್2 ಎಂಬ ಡಿಸ್ಕ್ ವ್ಯವಸ್ಥೆಯಲ್ಲಿ, ಅಳಿಸಿದ ಮೇಲೂ ಐನೋಡಿನ ಚಕ್ಕುಬಂದಿ ಹಾಗೇ ಉಳಿಯುತ್ತಿತ್ತು. ಡಿಬಗ್‌ಎಫ್‌ಎಸ್ ಎಂಬ ಸಲಕರಣೆ ಅದನ್ನು ಓದಿ ಫೈಲನ್ನು ಎತ್ತಿ ಕೊಡುತ್ತಿತ್ತು. 2001ರಲ್ಲಿ ಲಿನಕ್ಸಿನ ಮೂಲಕ್ಕೆ ಸೇರಿದ ಎಕ್ಸ್ಟ್3, ಆಮೇಲೆ 2008ರ ಕೊನೆಗೆ ಬಂದ ಎಕ್ಸ್ಟ್4, ಎರಡೂ ಅಳಿಸುವಾಗ ಚಕ್ಕುಬಂದಿಯನ್ನೇ ಸೊನ್ನೆ ಮಾಡುತ್ತವೆ. ಕರೆಂಟು ಹಠಾತ್ತನೆ ಹೋದರೆ ಡಿಸ್ಕಿನ ಲೆಕ್ಕ ತಪ್ಪಬಾರದು ಎಂಬ ಒಳ್ಳೆಯ ಉದ್ದೇಶದಿಂದ ಬಂದ ಬದಲಾವಣೆ ಅದು. ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುವ ಊರಿನವರಿಗೆ ಅದರ ಬೆಲೆ ಗೊತ್ತು. ಆದರೆ ಅಳಿಸಿದ್ದನ್ನು ಹುಡುಕುವವನಿಗೆ ಮಾತ್ರ ದಾರಿ ಕಠಿಣವಾಯಿತು. ಎಕ್ಸ್ಟ್4 ಇಡುವ ಜರ್ನಲ್ ಎಂಬ ದಿನಚರಿಯಲ್ಲಿ ಐನೋಡಿನ ಹಳೆಯ ಪ್ರತಿ ಸಿಕ್ಕರೆ ಎಕ್ಸ್ಟ್‌ಅನ್‌ಡಿಲೀಟ್, ಎಕ್ಸ್ಟ್4ಮ್ಯಾಜಿಕ್ ಎಂಬ ಸಲಕರಣೆಗಳು ಹೆಸರಿನ ಸಮೇತ ಫೈಲನ್ನು ಮರಳಿಸಬಲ್ಲವು. ಆ ದಿನಚರಿಗೆ ಜಾಗ ಕಡಿಮೆ, ತುಂಬಿದಂತೆ ಹಳೆಯದರ ಮೇಲೇ ಹೊಸದನ್ನು ಬರೆದುಕೊಳ್ಳುತ್ತದೆ. ತಡ ಮಾಡಿದಷ್ಟೂ ಆಸೆ ಕಡಿಮೆ.

ಈಗ ಆ ಐದು ನಿಮಿಷದ ಮಾತಿಗೆ ಬರೋಣ.

ಯಂತ್ರ ಬಂದ್ ಮಾಡುವ ಮುಂಚೆ ನೋಡಬೇಕಾದದ್ದು ಒಂದಿದೆ. ಅಳಿಸಿದ ಫೈಲನ್ನು ಯಾವುದಾದರೂ ಪ್ರೋಗ್ರಾಮು ಇನ್ನೂ ತೆರೆದುಕೊಂಡಿದೆಯೇ? ವಿಎಲ್‌ಸಿಯಲ್ಲಿ ಮದುವೆಯ ವಿಡಿಯೋ ಓಡುತ್ತಿರುವಾಗ ಯಾರೋ ಅದನ್ನೇ ಅಳಿಸಿದರು ಅನ್ನಿ. ವಿಡಿಯೋ ನಿಲ್ಲುವುದಿಲ್ಲ, ಓಡುತ್ತಲೇ ಇರುತ್ತದೆ. ಯಾಕೆಂದರೆ ಹೆಸರು ಹೋಗಿದ್ದರೂ, ತೆರೆದವರು ಮುಚ್ಚುವವರೆಗೆ ಲಿನಕ್ಸ್ ಆ ಫೈಲಿನ ಜಾಗವನ್ನು ಬಿಟ್ಟುಕೊಡುವುದಿಲ್ಲ. ಎಲ್‌ಎಸ್‌ಒಎಫ್ ಎಂಬ ಆಜ್ಞೆ ಕೊಟ್ಟರೆ ಇಂಥ ಫೈಲುಗಳ ಮುಂದೆ ಡಿಲೀಟೆಡ್ ಎಂದು ಬರೆದು, ಪ್ರೋಗ್ರಾಮಿನ ನಂಬರನ್ನೂ ತೋರಿಸುತ್ತದೆ. ಪ್ರೊಕ್ ಎಂಬ ಫೋಲ್ಡರಿಗೆ ಹೋಗಿ, ಆ ನಂಬರಿನ ಒಳಗೆ ಎಫ್‌ಡಿ ಎಂಬಲ್ಲಿ ನೋಡಿದರೆ ನಿಮ್ಮ ಫೈಲು ಕಾಣುತ್ತದೆ. ಬೇರೆ ಕಡೆ ಕಾಪಿ ಮಾಡಿಕೊಂಡರೆ ಮುಗಿಯಿತು, ಒಂದು ಬೈಟೂ ಕಡಿಮೆಯಾಗದೆ ಪೂರ್ತಿ ಫೈಲು ಸಿಗುತ್ತದೆ. ಗಾಬರಿಯಲ್ಲಿ ಆ ಕಿಟಕಿ ಮುಚ್ಚಿದರೆ, ಇಲ್ಲವೇ ಯಂತ್ರ ಆರಿಸಿದರೆ ಈ ಅವಕಾಶ ಹೋಯಿತು. ಅದಕ್ಕೇ ಹೇಳುವುದು, ಮೊದಲ ನಿಮಿಷ ಏನನ್ನೂ ಮುಚ್ಚಬೇಡಿ.

ಅಂಥದ್ದೇನೂ ಇಲ್ಲವೆಂದಾದರೆ ಯಂತ್ರವನ್ನು ಬೇಗ ಬಂದ್ ಮಾಡಿ. ಕಂಪ್ಯೂಟರು ಸುಮ್ಮನೆ ಚಾಲೂ ಇದ್ದರೂ ಡಿಸ್ಕಿಗೆ ಏನಾದರೂ ಬರೆಯುತ್ತಲೇ ಇರುತ್ತದೆ. ಬ್ರೌಸರು ನೋಡಿದ ಪುಟದ ಚಿತ್ರಗಳನ್ನು ಇಟ್ಟುಕೊಳ್ಳುತ್ತದೆ, ವ್ಯವಸ್ಥೆ ತನ್ನ ದಿನಚರಿ ಬರೆದುಕೊಳ್ಳುತ್ತದೆ, ಅಪ್‌ಡೇಟು ತಾನಾಗಿ ಇಳಿಯುತ್ತದೆ. ಇದರಲ್ಲಿ ಯಾವುದು ಬಂದು ನಿಮ್ಮ ಫೈಲಿನ ಜಾಗದಲ್ಲಿ ಕೂಡುತ್ತದೋ ಹೇಳಲಾಗದು. ಕಳೆದದ್ದು ಪೆನ್ ಡ್ರೈವಿನಿಂದ ಅಥವಾ ಕ್ಯಾಮರಾ ಕಾರ್ಡಿನಿಂದಾದರೆ ಕೆಲಸ ಸುಲಭ. ಅದನ್ನು ಹೊರತೆಗೆದು ಜೇಬಿನಲ್ಲಿಟ್ಟುಕೊಳ್ಳಿ. ಆ ಕಾರ್ಡಿನಲ್ಲಿ ಇನ್ನೊಂದೇ ಒಂದು ಫೋಟೋ ಕೂಡ ತೆಗೆಯಬೇಡಿ.

ಮುಂದಿನ ಕೆಲಸ ಲೈವ್ ಪೆನ್ ಡ್ರೈವಿನದು. ಉಬುಂಟುವನ್ನು ಒಂದು ಪೆನ್ ಡ್ರೈವಿಗೆ ತುಂಬಿಟ್ಟುಕೊಂಡರೆ, ಕಂಪ್ಯೂಟರಿನ ಒಳಗಿನ ಡಿಸ್ಕನ್ನು ಮುಟ್ಟದೆ ಅದರಿಂದಲೇ ಯಂತ್ರ ಚಾಲೂ ಮಾಡಬಹುದು. ಇನ್‌ಸ್ಟಾಲ್ ಬೇಡ, ಟ್ರೈ ಎಂಬುದನ್ನು ಆರಿಸಿ. ಕಳೆದ ಫೈಲಿದ್ದ ಭಾಗವನ್ನು ತೆರೆಯಲು ಹೋಗಬೇಡಿ. ಡಿಡಿರೆಸ್ಕ್ಯೂ ಎಂಬ ಸಲಕರಣೆಯಿಂದ ಆ ಇಡೀ ಭಾಗದ ಪಡಿಯಚ್ಚನ್ನು ಹೊರಗಿನ ದೊಡ್ಡ ಡಿಸ್ಕಿಗೆ ತೆಗೆದುಕೊಳ್ಳಿ. ಸ್ಪೇನಿನ ಆಂಟೋನಿಯೋ ದಿಯಾಸ್ ದಿಯಾಸ್ ಬರೆದ ಈ ಪ್ರೋಗ್ರಾಮು ಕೆಟ್ಟ ಡಿಸ್ಕನ್ನೂ ಜಾಣತನದಿಂದ ಓದುತ್ತದೆ. ಮೊದಲು ಸುಲಭವಾಗಿ ಓದಲು ಬರುವುದನ್ನೆಲ್ಲ ಎತ್ತಿಕೊಂಡು, ಹಾಳಾದ ಜಾಗಗಳನ್ನು ಕೊನೆಗೆ ಬಿಡುತ್ತದೆ. ಇನ್ನು ಹುಡುಕಾಟವೆಲ್ಲ ಪಡಿಯಚ್ಚಿನ ಮೇಲೆ ನಡೆಯಲಿ. ಅಲ್ಲಿ ತಪ್ಪಿದರೆ ಮೂಲ ಹಾಗೇ ಇದೆ, ಇನ್ನೊಮ್ಮೆ ಪ್ರಯತ್ನಿಸಬಹುದು.

ಹುಡುಕುವುದಕ್ಕೆ ಫ್ರಾನ್ಸಿನ ಕ್ರಿಸ್ತೋಫ್ ಗ್ರೆನಿಯೇ ಬರೆದ ಎರಡು ಪ್ರೋಗ್ರಾಮುಗಳಿವೆ, ಟೆಸ್ಟ್‌ಡಿಸ್ಕ್ ಮತ್ತು ಫೋಟೋರೆಕ್. ಎರಡೂ ಉಚಿತ. ಪೆನ್ ಡ್ರೈವು, ಕ್ಯಾಮರಾ ಕಾರ್ಡುಗಳಲ್ಲಿ ಹೆಚ್ಚಾಗಿ ಇರುವುದು ಫ್ಯಾಟ್ ವ್ಯವಸ್ಥೆ. ಅದರಲ್ಲಿ ಅಳಿಸಿದ ಫೈಲಿನ ಹೆಸರಿನ ಮೊದಲ ಅಕ್ಷರ ಮಾತ್ರ ಕೆಡುತ್ತದೆ, ಎಲ್ಲಿಂದ ಶುರು, ಎಷ್ಟು ಉದ್ದ ಎಂಬ ವಿವರ ಉಳಿಯುತ್ತದೆ. ಟೆಸ್ಟ್‌ಡಿಸ್ಕ್ ಅಂಥ ಫೈಲುಗಳನ್ನು ಕೆಂಪು ಬಣ್ಣದಲ್ಲಿ ಪಟ್ಟಿ ಮಾಡಿ ತೋರಿಸುತ್ತದೆ. ಬೇಕಾದ್ದನ್ನು ಆರಿಸಿ ಬೇರೆ ಡಿಸ್ಕಿಗೆ ಇಳಿಸಿಕೊಳ್ಳಬಹುದು.

ಫೋಟೋರೆಕ್ಕಿನ ದಾರಿ ಬೇರೆ. ಅದು ಹೆಸರು, ಫೋಲ್ಡರು ಯಾವುದನ್ನೂ ಕೇಳುವುದಿಲ್ಲ. ಡಿಸ್ಕನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತಾ ಫೈಲುಗಳ ಮೊಗ ಗುರುತಿಸುತ್ತದೆ. ಕ್ಯಾಮರಾದ ಜೆಪೆಗ್ ಫೋಟೋ ಯಾವಾಗಲೂ ಎಫ್‌ಎಫ್, ಡಿ8, ಎಫ್‌ಎಫ್ ಎಂಬ ಮೂರು ಬೈಟಿನಿಂದ ಶುರುವಾಗುತ್ತದೆ. ಪಿಡಿಎಫ್ ಫೈಲು ಶೇಕಡಾ ಗುರುತು ಮತ್ತು ಪಿಡಿಎಫ್ ಎಂಬ ಮೂರು ಅಕ್ಷರಗಳಿಂದ ಶುರುವಾಗುತ್ತದೆ. ಹೀಗೆ 480ಕ್ಕೂ ಹೆಚ್ಚು ಬಗೆಯ ಫೈಲುಗಳ ಗುರುತು ಅದಕ್ಕೆ ಗೊತ್ತು. ಹೆಸರು ಮಾತ್ರ ಮರಳುವುದಿಲ್ಲ. ಸಾವಿರ ಫೋಟೋ ಸಿಕ್ಕರೆ ಸಾವಿರವೂ ಬರೀ ನಂಬರಿನ ಹೆಸರಿನಲ್ಲಿ ಬರುತ್ತವೆ. ಆದರೆ ಫೋಟೋದ ಒಳಗೇ ಕ್ಯಾಮರಾ ಬರೆದ ತಾರೀಕು, ಹೊತ್ತು ಇರುತ್ತದಲ್ಲ, ಅದರ ಮೇಲೆ ಜೋಡಿಸಿದರೆ ಅರಿಶಿನ ಒಂದು ಕಡೆ, ಅಕ್ಷತೆ ಒಂದು ಕಡೆ ತಾವಾಗಿಯೇ ಬೇರೆಯಾಗುತ್ತವೆ. "ಮಗಳ ಮದಿವಿ ಫೋಟೋ ಎಲ್ಲಾ ಹೋಗ್ಯಾವಲ್ರಿ ಅಣ್ಣಾ" ಅಂತ ಅಳುತ್ತಾ ಬರುವ ತಾಯಿಗೆ, ಕಾರ್ಡಿನ ಮೇಲೆ ಬೇರೇನೂ ಬರೆದಿಲ್ಲವಾದರೆ, ಫೋಟೋ ಮರಳಿ ಸಿಗುವ ಸಂಭವವೇ ಹೆಚ್ಚು ಎಂದು ಸ್ಟುಡಿಯೋದವರು ಧೈರ್ಯವಾಗಿ ಹೇಳಬಹುದು.

ಕನ್ನಡದಲ್ಲಿ ಬರೆಯುವವರಿಗೆ ಮಾತ್ರ ಅನ್ವಯಿಸುವ ಒಂದು ವಿಷಯವಿದೆ. ಕಳೆದದ್ದು ಸಾದಾ ಟೆಕ್ಸ್ಟ್ ಫೈಲು ಅನ್ನಿ. ಅದಕ್ಕೆ ಹಣೆಯ ಮೇಲೆ ಯಾವ ಗುರುತೂ ಇರುವುದಿಲ್ಲ, ಫೋಟೋರೆಕ್ಕಿಗೂ ಅದನ್ನು ನಂಬಿಕೆಯಿಂದ ಹಿಡಿಯುವುದು ಕಷ್ಟ. ಆದರೆ ಯೂನಿಕೋಡಿನಲ್ಲಿ ಬರೆದ ಕನ್ನಡಕ್ಕೆ ತನ್ನದೇ ಗುರುತುಂಟು. ಯುಟಿಎಫ್ 8 ಎಂಬ ಬಗೆಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟು. ಮೊದಲನೆಯದು ಇ0. ಎರಡನೆಯದು ಬಿ2, ಇಲ್ಲವೇ ಬಿ3. ಬೇರೆ ಯಾವ ಲಿಪಿಯ ಅಕ್ಷರಕ್ಕೂ ಈ ಜೋಡಿ ಬರುವುದಿಲ್ಲ. ಚಿಟಗುಪ್ಪ ಎಂದು ಬರೆದರೆ ಅಕ್ಷರ, ಗುಣಿತ, ಒತ್ತು ಸೇರಿ ಎಂಟು ಸಂಕೇತ, 24 ಬೈಟು. ಈ 24 ಬೈಟಿನ ಸಾಲು ಡಿಸ್ಕಿನಲ್ಲಿ ಆಕಸ್ಮಿಕವಾಗಿ ಹುಟ್ಟುವ ಮಾತೇ ಇಲ್ಲ. ಆದ್ದರಿಂದ ಗ್ರೆಪ್ ಎಂಬ ಆಜ್ಞೆಗೆ, ಎಲ್ಲವನ್ನೂ ಬರಹವೆಂದೇ ತಿಳಿ ಎಂಬ ಅರ್ಥದ ಮೈನಸ್ ಎ ಗುರುತು ಸೇರಿಸಿ, ನಿಮ್ಮ ಬರಹದಲ್ಲಿ ಮಾತ್ರ ಇದ್ದಿರಬಹುದಾದ ಒಂದು ಕನ್ನಡ ಪದ ಕೊಟ್ಟು, ಇಡೀ ಪಡಿಯಚ್ಚನ್ನು ಹುಡುಕಲು ಹೇಳಿ. ಅಕ್ಕಪಕ್ಕದ ಎಷ್ಟು ಸಾಲು ಬೇಕೆಂದು ಮೈನಸ್ ದೊಡ್ಡ ಸಿ ಗುರುತಿನಿಂದ ತಿಳಿಸಿದರೆ, ಆ ಸಾಲುಗಳ ಸಮೇತ ಅದು ಬರಹವನ್ನು ಎತ್ತಿ ಕೊಡುತ್ತದೆ. ಸಾವಿರದ ಮುನ್ನೂರಕ್ಕೂ ಹೆಚ್ಚು ಕನ್ನಡ ಸಂಕೇತಗಳು ಒಂದೇ ತುಂಡಿನಲ್ಲಿ ಕೂಡುವುದರಿಂದ, ಒಂದು ಪದ್ಯ, ಒಂದು ಕಾಗದ, ಸಭೆಯ ಒಂದು ನಡಾವಳಿ ಹರಿದುಹೋಗದೆ ಒಟ್ಟಿಗೆ ಸಿಗುವ ಸಾಧ್ಯತೆ ಚೆನ್ನಾಗಿದೆ.

ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪು ಮಾಡಿದವರಿಗೆ ಈ ಅನುಕೂಲ ಇಲ್ಲ. ಪರದೆಯ ಮೇಲೆ ಕನ್ನಡ ಕಂಡರೂ ಡಿಸ್ಕಿನಲ್ಲಿ ಕೂತಿರುವುದು ಇಂಗ್ಲಿಷಿನ ಸಂಕೇತ. 'ಕನ್ನಡ' ಎಂಬ ಪದವೇ ಒಳಗೆ ಇಂಗ್ಲಿಷಿನ ಪಿ, ಪೌಂಡಿನ ಗುರುತು, ಕ್ಯೂ ಎಂದೆಲ್ಲ ಇರುತ್ತದೆ. ಕನ್ನಡ ಪದ ಕೊಟ್ಟು ಹುಡುಕಿದರೆ ಏನೂ ಸಿಗುವುದಿಲ್ಲ. ಅದೇ ಫಾಂಟಿನಲ್ಲಿ ಪದವನ್ನು ಬರೆದು, ಅದರ ಸಂಕೇತವನ್ನೇ ಕೊಟ್ಟು ಹುಡುಕಬೇಕು. ಕಚೇರಿಗಳಲ್ಲಿ, ಪತ್ರಿಕಾ ಬರಹಗಳಲ್ಲಿ ಇನ್ನೂ ಹಳೆಯ ಫಾಂಟನ್ನೇ ಬಳಸುವವರು ಯೂನಿಕೋಡಿಗೆ ಬರಲು ಇದೂ ಒಂದು ಬಲವಾದ ಕಾರಣ ಎಂದು ನನಗೆ ಅನ್ನಿಸುತ್ತದೆ. ಇನ್ನು ವರ್ಡಿನ ಡಾಕ್ಸ್, ಲಿಬ್ರೆಆಫೀಸಿನ ಓಡಿಟಿ ಫೈಲುಗಳು ಒಳಗೆ ಜಿಪ್ ಆಗಿ ಒತ್ತಿ ಕಟ್ಟಿದ ಗಂಟುಗಳು. ಅವುಗಳಲ್ಲಿ ಪದ ಹುಡುಕಲು ಬರುವುದಿಲ್ಲ, ಫೋಟೋರೆಕ್ಕೇ ಬೇಕು.

ಇಷ್ಟೆಲ್ಲ ಹೇಳಿದ್ದು ಹಳೆಯ ಬಗೆಯ ತಿರುಗುವ ಹಾರ್ಡ್ ಡಿಸ್ಕು, ಪೆನ್ ಡ್ರೈವು, ಕ್ಯಾಮರಾ ಕಾರ್ಡುಗಳಿಗೆ ಸಲ್ಲುತ್ತದೆ. ಈಗಿನ ಲ್ಯಾಪ್‌ಟಾಪುಗಳಲ್ಲಿ ಬರುವ ಎಸ್‌ಎಸ್‌ಡಿಯ ಕಥೆ ಬೇರೆ. ಇಂತಿಂಥ ತುಂಡುಗಳು ಈಗ ಖಾಲಿ ಎಂದು ಲಿನಕ್ಸ್ ಅದಕ್ಕೆ ತಿಳಿಸುತ್ತದೆ. ಹೀಗೆ ತಿಳಿಸುವುದಕ್ಕೆ ಟ್ರಿಮ್ ಅನ್ನುತ್ತಾರೆ. ತಿಳಿಸಿದ ಮೇಲೆ ಎಸ್‌ಎಸ್‌ಡಿ ಆ ಜಾಗಗಳನ್ನು ತಾನೇ ತೊಳೆದಿಡುತ್ತದೆ. ಆಮೇಲೆ ಯಾವ ಪ್ರೋಗ್ರಾಮು ಓದಿದರೂ ಸಾಮಾನ್ಯವಾಗಿ ಬರೀ ಸೊನ್ನೆ ಸಿಗುತ್ತದೆ. ಉಬುಂಟುವಿನಲ್ಲಿ ಈ ಕೆಲಸ ವಾರಕ್ಕೊಮ್ಮೆ ತಾನಾಗಿ ನಡೆಯುತ್ತದೆ. ಭಾನುವಾರ ಕಳೆದು ಸೋಮವಾರ ಹುಟ್ಟುವ ಹೊತ್ತು ಅದಕ್ಕೆ ನಿಗದಿ. ಆಗ ಯಂತ್ರ ಬಂದ್ ಇದ್ದರೆ, ಮುಂದೆ ಚಾಲೂ ಮಾಡಿದಾಗ ನಡೆಯುತ್ತದೆ. ಅಂದರೆ ಶನಿವಾರ ಅಳಿಸಿದ ಫೈಲನ್ನು, ಸೋಮವಾರ ನಿಧಾನವಾಗಿ ಬಂದು ಯಂತ್ರ ಚಾಲೂ ಮಾಡಿ ಹುಡುಕುತ್ತೇನೆ ಅಂದರೆ ಹುಡುಕುವ ಮೊದಲೇ ಅದು ತೊಳೆದುಹೋಗಿರಬಹುದು. ಲೈವ್ ಪೆನ್ ಡ್ರೈವಿನಿಂದ ಚಾಲೂ ಮಾಡಿದರೆ ಈ ಅಪಾಯ ಇಲ್ಲ. ಎಸ್‌ಎಸ್‌ಡಿ ಇರುವವರು ಈ ಒಂದು ಮಾತನ್ನು ಕಂಪ್ಯೂಟರಿನ ಮೇಲೆ ಬರೆದು ಅಂಟಿಸಿಕೊಂಡರೂ ತಪ್ಪಿಲ್ಲ.

ಇಂಥ ಅನಾಹುತ ದೊಡ್ಡವರಿಗೂ ತಪ್ಪಿದ್ದಲ್ಲ. ಜಗತ್ತಿನ ಪ್ರೋಗ್ರಾಮರುಗಳು ತಮ್ಮ ಕೆಲಸವನ್ನು ತಂದು ಇಡುವ ಗಿಟ್‌ಲ್ಯಾಬ್ ಎಂಬ ಕಂಪನಿಯಲ್ಲಿ 2017ರ ಜನವರಿ 31ರಂದು ಒಬ್ಬ ಎಂಜಿನಿಯರು ಒಂದು ಸರ್ವರಿನ ಬದಲು ಇನ್ನೊಂದರಲ್ಲಿ ಆರ್‌ಎಂ ಆಜ್ಞೆ ಕೊಟ್ಟರು. ತಪ್ಪು ಹೊಳೆದು ನಿಲ್ಲಿಸುವಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ ನಾಲ್ಕೂವರೆ ಜಿಬಿ ಉಳಿದಿತ್ತು. ಐದು ಬಗೆಯ ಬ್ಯಾಕಪ್ ಏರ್ಪಾಡು ಇತ್ತು. ಬೇಕಾದ ಹೊತ್ತಿಗೆ ಒಂದೂ ನೆಟ್ಟಗೆ ಕೆಲಸಕ್ಕೆ ಬರಲಿಲ್ಲ. ಬೇರೊಂದು ಕೆಲಸಕ್ಕೆಂದು ಆರು ಗಂಟೆ ಮೊದಲು ತೆಗೆದಿಟ್ಟ ಒಂದು ಪ್ರತಿ ಅವರನ್ನು ಉಳಿಸಿತು. ಆ ಆರು ಗಂಟೆಯ ಕೆಲಸ ಹೋಯಿತು. ಬ್ಯಾಕಪ್ ಇದೆ ಎಂದು ನಂಬುವುದು ಬೇರೆ, ಅದರಿಂದ ಒಂದು ಫೈಲನ್ನು ತೆರೆದು ನೋಡಿರುವುದು ಬೇರೆ.

ನಮ್ಮ ಪಕ್ಕದ ಬಸವಕಲ್ಯಾಣದ ಚರಿತ್ರೆಯೂ ಇನ್ನೊಂದು ಪ್ರತಿಯ ಬೆಲೆಯನ್ನೇ ಹೇಳುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣ ಕದಡಿದಾಗ ಶರಣರು ಚದುರಿದರು, ವಚನಗಳ ಕಟ್ಟುಗಳೂ ಅವರೊಂದಿಗೆ ಚದುರಿದವು ಎಂಬುದು ಈ ನಾಡಿನ ನೆನಪು. ಮುಂದೆ ಶತಮಾನಗಳ ಕಾಲ ಮಠಗಳಲ್ಲಿ, ಮನೆಗಳಲ್ಲಿ ಅವುಗಳ ಪ್ರತಿಗಳನ್ನು ಮಾಡುತ್ತಾ ಬಂದರು. ವಿಜಯಪುರದ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಊರೂರು ಅಲೆದು ಆ ಓಲೆಗಳನ್ನು ಕೂಡಿಸಿ 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ತಂದರು. ಒಂದೇ ಮನೆಯಲ್ಲಿ, ಒಂದೇ ಪ್ರತಿ ಇದ್ದಿದ್ದರೆ ಅವರ ಕೈಗೆ ಏನು ಸಿಗುತ್ತಿತ್ತು ಹೇಳಿ.

ಕೇಳುಗರೆ, ನಿಮ್ಮಲ್ಲಿ ಕಂಪ್ಯೂಟರು ಇದ್ದರೆ ಈ ವಾರ ಎರಡು ಕೆಲಸ ಮಾಡಿ. ಒಂದು ಪೆನ್ ಡ್ರೈವಿಗೆ ಉಬುಂಟು ತುಂಬಿಸಿ ಕಪಾಟಿನಲ್ಲಿಡಿ. ಫೈಲು ಕಳೆದ ದಿನ ಅದನ್ನು ಮಾಡಲು ಹೋದರೆ ತಡವಾಗಿರುತ್ತದೆ. ಮನೆಯ ಫೋಟೋ, ಮಕ್ಕಳ ಮಾರ್ಕ್ಸ್ ಕಾರ್ಡು, ಹೊಲದ ಕಾಗದ, ನಿಮ್ಮ ಬರಹ ಇವುಗಳ ಇನ್ನೊಂದು ಪ್ರತಿಯನ್ನು ಬೇರೆ ಡಿಸ್ಕಿಗೆ ಹಾಕಿ, ಬೀದರಿನಲ್ಲೋ ಕಲಬುರಗಿಯಲ್ಲೋ ಇರುವ ಅಣ್ಣನ ಮನೆಯಲ್ಲೋ ಅಕ್ಕನ ಮನೆಯಲ್ಲೋ ಇಡಿ. ಇಡುವ ಮೊದಲು ಅದರಿಂದ ಒಂದೆರಡು ಫೈಲು ತೆರೆದು ನೋಡಿ. ಶಾಲೆಯ ಲ್ಯಾಬು ನೋಡಿಕೊಳ್ಳುವ ಶಿಕ್ಷಕರು, ಫೋಟೋ ಸ್ಟುಡಿಯೋದವರು, ಆನ್‌ಲೈನ್ ಸೆಂಟರ್ ನಡೆಸುವ ತಮ್ಮಂದಿರು ಟೆಸ್ಟ್‌ಡಿಸ್ಕ್, ಫೋಟೋರೆಕ್ ಎರಡನ್ನೂ ಕಲಿತುಕೊಳ್ಳಬೇಕೆಂದು ನನ್ನ ವಿನಂತಿ. ನಿಮ್ಮ ಮುಂದೆ ಯಾರಾದರೂ ಫೈಲು ಹೋಯಿತೆಂದು ಬಂದು ನಿಂತರೆ, ಫಾರ್ಮ್ಯಾಟ್ ಮಾಡುವ ಮುಂಚೆ ಒಂದು ಮಾತು ಕೇಳಿ: "ಒಳಗ ಏನರ ಬೇಕಾದ್ದು ಐತೇನ್ರಿ?"